ಗುರಿಯಂತ್ರದ ಲೆಕ್ಕ

(ಬಾನುಲಿ ಭಾಷಣ)



ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಮಂಡ್ಯದಿಂದ ನಮ್ಮ ದುದ್ದದ ಕಡೆಗೆ ಬರುವ ಬೆಳಗಿನ ಬಸ್ಸು ವೃತ್ತಪತ್ರಿಕೆಯ ಕಟ್ಟುಗಳನ್ನೂ ಹೊತ್ತು ತರುತ್ತಿತ್ತು. ಹೋಬಳಿಯ ಊರಾದ್ದರಿಂದ ದುದ್ದದಲ್ಲಿ ಬಸ್ಸು ನಿಲ್ಲುತ್ತಿತ್ತು. ಅದಕ್ಕೆ ಮೊದಲು ಸಿಕ್ಕುವ ಒಂದು ಕೈಮರದ ಬಳಿ ಮಾತ್ರ, ಹತ್ತುವವರೂ ಇಳಿಯುವವರೂ ಇಲ್ಲದ ದಿನ, ಅದು ನಿಲ್ಲದೆ ಹೋಗುತ್ತಿತ್ತು. ಅಲ್ಲಿದ್ದ ಕಾಫಿ ಅಂಗಡಿಯ ಕಟ್ಟನ್ನು ಕಂಡಕ್ಟರು ಓಡುವ ಬಸ್ಸಿನ ಬಾಗಿಲಿನಿಂದಲೇ ಬಿಡಬೇಕು. ಹೊಸದಾಗಿ ಬಂದವರು ಅಂಗಡಿಯ ಎದುರಿಗೆ ಬಂದಾಗ ಬಿಡುತ್ತಿದ್ದರು. ಕಟ್ಟು ಮುಂದೆ ಹೋಗಿ ಚರಂಡಿಗೆ ಬೀಳುತ್ತಿತ್ತು. ಹಳೆಯ ಕಂಡಕ್ಟರೊಬ್ಬರಿದ್ದರು. ಅವರು ಅಂಗಡಿಗಿಂತ ಹಿಂದೆ ಇದ್ದ ಹುಣಿಸೇಮರದ ನೆರಳು ದಾಟುತ್ತಿದ್ದಂತೆ ಕೈ ಸಡಿಲಿಸುವರು. ಕಟ್ಟು ಬಂದು ಅಂಗಡಿಯ ಜಗಲಿಯ ಬುಡಕ್ಕೆ ಒರಗುವುದು. ಮಳೆ ಬಂದು ರಸ್ತೆ ಕೆಸರಾಗಿ ಬಸ್ಸು ನಿಧಾನವಾದ ದಿನ ಅವರು ಮರವನ್ನು ದಾಟಿ ಇನ್ನೂ ನಾಲ್ಕು ಹೆಜ್ಜೆ ಕಾಯುತ್ತಿದ್ದರು. ಅವರಿಗೆ ಭೌತಶಾಸ್ತ್ರ ಗೊತ್ತಿತ್ತೆಂದು ನಾನು ಹೇಳಲಾರೆ. ಕಟ್ಟು ತಪ್ಪಿದ ದಿನ ಅಂಗಡಿಯವನು ಬೈಯುತ್ತಾನೆ ಎಂಬುದು ಗೊತ್ತಿತ್ತು.

ಬಾಂಬು ಹಾಕುವ ವಿಮಾನದಲ್ಲಿರುವ ಗುರಿಯಂತ್ರ, ಅಂದರೆ ಬಾಂಬ್‌ಸೈಟ್, ಮಾಡುವ ಕೆಲಸ ಇಷ್ಟೇ: ಹುಣಿಸೇಮರ ಎಲ್ಲಿದೆ ಎಂದು ಹೇಳುವುದು. ಇಂದಿನ ನನ್ನ ವಿಷಯ ಆ ಯಂತ್ರವನ್ನು ಸರಿಯಾಗಿ ಇಟ್ಟುಕೊಳ್ಳುವ ಬಗೆ. ನಿಜವಾದ ವಿಮಾನದ್ದಲ್ಲ, ನನ್ನ ಮೊಮ್ಮಗನ ಕಂಪ್ಯೂಟರಿನ ಆಟದ್ದು. ಮುದುಕನೊಬ್ಬ ಬಾನುಲಿಯಲ್ಲಿ ಹುಡುಗರ ಆಟದ ವಿಷಯ ಮಾತನಾಡುವುದು ತಮಾಷೆಯಾಗಿ ಕಂಡೀತು. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಾನು 1969ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ವಾಯುಪಡೆಗೆ ಸೇರಿದವನು. ಇಪ್ಪತ್ತು ವರ್ಷ ಉಪಕರಣ ವಿಭಾಗದಲ್ಲಿ ಕೆಲಸ ಮಾಡಿದೆ. ವಿಮಾನ ಹಾರಿಸಿದವನಲ್ಲ. ವಿಮಾನ ಚಾಲಕನ ಎದುರಿಗಿರುವ ಗಡಿಯಾರದಂಥ ಮುಖಗಳು ಸುಳ್ಳು ಹೇಳದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಆಮೇಲೆ ಊರಿಗೆ ಬಂದು ಕಬ್ಬು, ರಾಗಿ ಎಂದು ಕಾಲ ಕಳೆದೆ. ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಎರಡು ವರ್ಷದ ಕೆಳಗೆ ಒಂದು ಕಂಪ್ಯೂಟರನ್ನೂ, ವಿಮಾನದ ಹಿಡಿಕೋಲಿನಂತೆಯೇ ಇರುವ ಜಾಯ್‌ಸ್ಟಿಕ್ ಎಂಬುದನ್ನೂ ತಂದು ನಡುಮನೆಯ ಮೂಲೆಯಲ್ಲಿ ಸ್ಥಾಪಿಸಿದ. ಆಟವು ಎರಡನೆಯ ಮಹಾಯುದ್ಧದ ವಿಮಾನಗಳ ಹಾರಾಟದ ಅನುಕರಣೆ. ರಷ್ಯದವರು 2001ರಲ್ಲಿ ಹೊರತಂದ ‘ಇಲ್-2 ಸ್ಟುರ್ಮೊವಿಕ್’ ಎಂಬ ಆಟದ ವಂಶಕ್ಕೆ ಸೇರಿದ್ದಂತೆ.

ಹಾರದೆ ಹಾರುವ ಈ ಯಂತ್ರಗಳ ಕಲ್ಪನೆ ಹೊಸದೇನೂ ಅಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ ತನ್ನ ತಂದೆಯ ಪಿಯಾನೋ ಹಾಗೂ ಆರ್ಗನ್ ಕಾರ್ಖಾನೆಯ ಗಾಳಿತಿದಿಗಳನ್ನೇ ಬಳಸಿ, ನೆಲದ ಮೇಲೆ ನಿಂತೇ ವಾಲುವ, ಏರುವ, ತಿರುಗುವ ಒಂದು ಪುಟ್ಟ ವಿಮಾನವನ್ನು ಮಾಡಿದ. ನಮ್ಮ ಕಮ್ಮಾರನ ತಿದಿಯ ಹತ್ತಿರದ ನೆಂಟನೇ ಅದು. ಎರಡನೆಯ ಮಹಾಯುದ್ಧದಲ್ಲಿ ಸಹಸ್ರಾರು ವೈಮಾನಿಕರು ಅದರಲ್ಲಿ ಕುಳಿತು ಕಲಿತರು. ಇಂದು ತಿದಿ ಹೋಗಿ ಲೆಕ್ಕ ಉಳಿದಿದೆ.

ಒಂದು ಸಂಜೆ ಹುಡುಗ ಬಹಳ ಬೇಸರದಲ್ಲಿದ್ದ.

“ತಾತ, ಎಲ್ಲಾನೂ ಸರಿಯಾಗೇ ಇಟ್ಟಿವ್ನಿ. ಆದ್ರೂ ಬಾಂಬು ಮುಂದಕ್ಕೋಗಿ ಬೀಳ್ತದೆ. ಈ ಆಟವೇ ಸರಿಯಿಲ್ಲ ಕಣ್ ತಾತ.”

ಉಪಕರಣ ಸರಿಯಿಲ್ಲ ಎಂಬ ಮಾತನ್ನು ಇಪ್ಪತ್ತು ವರ್ಷ ಕೇಳಿದವನು ನಾನು. ಅದರಲ್ಲಿ ಮುಕ್ಕಾಲುಪಾಲು ಸಲ ಉಪಕರಣ ಸರಿಯಾಗಿಯೇ ಇರುತ್ತದೆ. ಹತ್ತಿರ ಹೋಗಿ ಕುಳಿತು, “ಎತ್ತರ ಎಲ್ಲಿಂದ ಅಳೆದೆ ಮಗ?” ಎಂದೆ.

“ಮೀಟ್ರು ತೋರಿಸ್ತದಲ್ಲ, ಮೂರು ಸಾವಿರ.”

“ಅದು ಸಮುದ್ರದಿಂದ ಕಣಪ್ಪ. ನಿನ್ನ ಬಾಂಬು ಸಮುದ್ರಕ್ಕೆ ಬೀಳ್ತದಾ?”

ಅವನ ಗುರಿ ಬೆಟ್ಟಗಳ ನಡುವಣ ಒಂದು ವಿಮಾನ ನಿಲ್ದಾಣ. ಅದರ ನೆಲವೇ ಎತ್ತರದಲ್ಲಿತ್ತು. ಅವನಿಗೆ ಅರ್ಥವಾಗಲೆಂದು ನಮ್ಮ ಮಂಡ್ಯದ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಂಡೆ. ಈ ನೆಲ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿದೆ. ವಿಮಾನದ ಮಾಪಕ 3000 ಎಂದು ತೋರಿಸುವಾಗ ಕಬ್ಬಿನ ಗದ್ದೆಗೂ ವಿಮಾನಕ್ಕೂ ಇರುವ ಅಂತರ 2300 ಮಾತ್ರ. ವಿಮಾನ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳೋಣ. ಗಾಳಿಯ ತಡೆಯನ್ನು ಸದ್ಯಕ್ಕೆ ಮರೆತರೆ, 3000 ಮೀಟರ್ ಬೀಳಲು ಬಾಂಬಿಗೆ ಸುಮಾರು 24.7 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಮುಂದಕ್ಕೆ 2474 ಮೀಟರ್ ಸಾಗುತ್ತದೆ. ಗುರಿಯಂತ್ರವು ದೂರವನ್ನು ಅಳೆಯಲಾರದು. ಅದು ಕೋನವನ್ನು ಮಾತ್ರ ಬಲ್ಲದು. ಗುರಿಯು ಇಂತಿಷ್ಟು ಓರೆಯಲ್ಲಿ ಕಂಡ ತತ್ಕ್ಷಣ ಬಿಡು ಎನ್ನುತ್ತದೆ. ಎತ್ತರ 2300 ಇರುವಾಗ ಆ ಓರೆ ಸಿಕ್ಕುವುದು ಗುರಿಗೆ 1897 ಮೀಟರ್ ಹತ್ತಿರ ಹೋದ ಮೇಲೆ. ಆದರೆ ಅಷ್ಟು ಎತ್ತರದಿಂದ ಬಿದ್ದ ಬಾಂಬು 2167 ಮೀಟರ್ ಮುಂದಕ್ಕೆ ಹೋಗುತ್ತದೆ. ಕಳೆದು ನೋಡಿ: 270 ಮೀಟರ್ ಆಚೆ. ಕಾಫಿ ಅಂಗಡಿಯ ಎದುರಿಗೆ ಕಟ್ಟು ಬಿಟ್ಟ ಹೊಸ ಕಂಡಕ್ಟರಿನ ಕಥೆ ಇದು.

ಹುಡುಗ ಗುರಿಯ ನೆಲದ ಎತ್ತರವನ್ನು ನಕ್ಷೆಯಲ್ಲಿ ಹುಡುಕಿ ಕಳೆದ. ಬಾಂಬು ಬಹಳ ಹತ್ತಿರ ಬಂತು. ಆದರೂ ತಪ್ಪಿತು.

ಎರಡನೆಯ ತಪ್ಪು ವೇಗದಲ್ಲಿತ್ತು. ವಿಮಾನದ ವೇಗಮಾಪಕವು ವೇಗವನ್ನು ಅಳೆಯುವುದಿಲ್ಲ. ಮುಖಕ್ಕೆ ಬಡಿಯುವ ಗಾಳಿಯ ಒತ್ತಡವನ್ನು ಅಳೆಯುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಒತ್ತಡ ಕಡಿಮೆಯಾಗುತ್ತದೆ, ಮುಳ್ಳು ಕಡಿಮೆ ತೋರಿಸುತ್ತದೆ. 3000 ಮೀಟರ್ ಎತ್ತರದಲ್ಲಿ ಮುಳ್ಳು ಗಂಟೆಗೆ 300 ಕಿಲೋಮೀಟರ್ ಎಂದರೆ ನಿಜವಾದ ವೇಗ ಸುಮಾರು 350. ಸಾವಿರ ಅಡಿಗೆ ನೂರಕ್ಕೆ ಎರಡರಂತೆ ಸೇರಿಸು ಎಂಬುದು ನಮ್ಮ ಕಾಲದ ಒರಟು ಲೆಕ್ಕ. ಆಟ ಮಾಡಿದವರು ಇದನ್ನೂ ಬಿಟ್ಟಿಲ್ಲ ಎಂದು ತಿಳಿದಾಗ ನನಗೆ ಅವರ ಮೇಲೆ ಗೌರವವೇ ಬಂತು.

ಇನ್ನು ಗಾಳಿಯ ವಿಚಾರ. ಇದನ್ನು ಶ್ರೀರಂಗಪಟ್ಟಣದ ಬಳಿ ಕಾವೇರಿಯಲ್ಲಿ ಹರಿಗೋಲು ಹತ್ತಿದವರಿಗೆ ಹೇಳಿಕೊಡಬೇಕಾಗಿಲ್ಲ. ಎದುರು ದಡದ ಮೆಟ್ಟಿಲಿಗೆ ಹೋಗಬೇಕಾದ ಅಂಬಿಗ ಮೆಟ್ಟಿಲಿಗೇ ಮುಖ ಮಾಡುವುದಿಲ್ಲ. ಹೊಳೆಯ ಮೇಲುಗಡೆಗೆ ಹುಟ್ಟು ಹಾಕುತ್ತಾನೆ. ವಿಮಾನವೂ ಹಾಗೆ ಓರೆಯಾಗಿಯೇ ನೇರ ಹೋಗಬೇಕು. ಅಷ್ಟಲ್ಲದೆ ಬಾಂಬಿಗೆ ಬೇಕಾದದ್ದು ಗಾಳಿಯ ಲೆಕ್ಕದ ವೇಗವಲ್ಲ, ನೆಲದ ಲೆಕ್ಕದ ವೇಗ. ಎದುರುಗಾಳಿಯಲ್ಲಿ ಒಂದು, ಹಿಂಗಾಳಿಯಲ್ಲಿ ಇನ್ನೊಂದು.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಒಂದು ವಾರ ಬಾಂಬುಗಳು ಗುರಿಯ ಮೇಲೆಯೇ ಬಿದ್ದವು. ಹುಡುಗ ಹಿಗ್ಗಿದ. ಎಂಟನೆಯ ದಿನ ಎಲ್ಲವೂ ಎಡಕ್ಕೆ ಬೀಳತೊಡಗಿದವು. ಯಾರೂ ಏನನ್ನೂ ಮುಟ್ಟಿರಲಿಲ್ಲ. ನನಗೆ ನಿಜವಾಗಿ ಸಂತೋಷವಾದದ್ದು ಆಗ. ಏಕೆಂದರೆ ಇದು ನನ್ನ ಕಸುಬಿನ ರೋಗ. ಯಂತ್ರವನ್ನು ಒಮ್ಮೆ ಸರಿಮಾಡಿದರೆ ಅದು ಸರಿಯಾಗಿಯೇ ಇರುತ್ತದೆ ಎಂದು ತಿಳಿಯುವವನು ಯಂತ್ರದ ಹತ್ತಿರ ಕೆಲಸ ಮಾಡಬಾರದು. ಜಾಯ್‌ಸ್ಟಿಕ್ಕನ್ನು ಬಿಚ್ಚಿ ನೋಡಿದೆ. ಹಿಡಿಕೋಲಿನ ಬುಡದಲ್ಲಿ, ಹಳೆಯ ರೇಡಿಯೋದಲ್ಲಿ ಧ್ವನಿ ಏರಿಸಿ ಇಳಿಸುವ ತಿರುಪು ಇರುತ್ತದಲ್ಲ, ಅಂಥವೇ ಎರಡು ಪುಟ್ಟ ಸಾಧನಗಳಿದ್ದವು. ಪಕ್ಕದ ಕಣದಲ್ಲಿ ರಾಗಿ ಬಡಿದ ಧೂಳೆಲ್ಲ ಕಿಟಕಿಯಿಂದ ಬಂದು ಅದರೊಳಗೆ ಕುಳಿತಿತ್ತು. ಕೈ ಬಿಟ್ಟಾಗ ಕೋಲು ನಡುವೆ ನಿಂತಂತೆ ಕಂಡರೂ ಕಂಪ್ಯೂಟರಿಗೆ ಅದು ಕೂದಲೆಳೆಯಷ್ಟು ಎಡಕ್ಕೆ ವಾಲಿದಂತೆ ಕಾಣುತ್ತಿತ್ತು. ವಿಮಾನ ಒಂದು ರೆಕ್ಕೆ ತಗ್ಗಿಸಿ ಜಾರುತ್ತಾ ಹೋಗುತ್ತಿತ್ತು. ರೆಕ್ಕೆ ಸಮವಿಲ್ಲದ ವಿಮಾನದಲ್ಲಿ ಗುರಿಯಂತ್ರವೂ ಓರೆ. ಓರೆಯಾದ ಕಣ್ಣಿಗೆ ನೆಟ್ಟಗಿನದೇ ಡೊಂಕು.

ಬ್ರಷ್ಷಿನಲ್ಲಿ ಧೂಳು ಒರೆಸಿ, ಸ್ಪಿರಿಟ್ಟು ಸವರಿ, ಮತ್ತೆ ಕೂಡಿಸಿದೆವು. ಕೋಲನ್ನು ನಾಲ್ಕು ದಿಕ್ಕಿಗೂ ಪೂರ್ತಿ ಆಡಿಸಿ ನಡುಬಿಂದುವನ್ನು ಕಂಪ್ಯೂಟರಿಗೆ ಮತ್ತೆ ಕಲಿಸಿದೆವು. ಸೊಸೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಮಾವ, ನೀವೂ ಅವನ ಜೊತೆ ಸೇರ್ಕೊಂಡ್ರಾ?” ಎಂದಳು. ಉತ್ತರ ಹೇಳುವ ಮುಖ ನನ್ನದಾಗಿರಲಿಲ್ಲ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಮಾಪಕ ತೋರಿದ ಎತ್ತರ, ಗುರಿಯ ನೆಲದ ಎತ್ತರ, ನಿಜವೇಗ, ಗಾಳಿ, ಯಂತ್ರಕ್ಕೆ ಕೊಟ್ಟ ಅಂಕೆ, ಬಾಂಬು ಬಿದ್ದ ಜಾಗ. ಆಟವನ್ನು ಮಾಡಿದವರು ಆಗಾಗ ಅದನ್ನು ತಿದ್ದಿ ಹೊಸ ರೂಪ ಕಳಿಸುತ್ತಾರೆ. ಹಾಗೆ ಬಂದಾಗಲೆಲ್ಲ ಹಳೆಯ ಅಂಕೆಯನ್ನು ನಂಬದೆ ಮತ್ತೆ ಮೊದಲಿನಿಂದ ಮೂರು ಬಾಂಬು ಹಾಕಿ ನೋಡುತ್ತೇವೆ. ಆಲೆಮನೆಯಲ್ಲಿ ಪಾಕ ನೋಡುವವನು ನಿನ್ನೆಯ ಪಾಕ ನೆನೆದು ಇಂದಿನ ಕೊಪ್ಪರಿಗೆ ಇಳಿಸುವುದಿಲ್ಲ. ನೀರಿಗೊಂದು ಹನಿ ಬಿಟ್ಟು ನೋಡಿಯೇ ಇಳಿಸುತ್ತಾನೆ.

ಬಾಂಬರುಗಳಿಗೂ ನಮ್ಮ ನಾಡಿಗೂ ಹಳೆಯ ನಂಟುಂಟು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧದ ನಡುವೆ, 1943ರಲ್ಲಿ ಅಮೆರಿಕದ ಸೇನೆಯ ಆಡಳಿತಕ್ಕೆ ಬಂದು ಅವರ ವಿಮಾನಗಳ ದುರಸ್ತಿಯ ದೊಡ್ಡ ನೆಲೆಯಾಯಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು ಗುಜರಿಯಾಗಿ ಬಿಟ್ಟು ಹೋದರು. ಇನ್ನೊಬ್ಬರಿಗೆ ಉಪಯೋಗವಾಗದಿರಲೆಂದು ಎಂಜಿನ್ನಿಗೆ ಮರಳು ಸುರಿದು, ಉಪಕರಣಗಳನ್ನು ಒಡೆದು ಹೋದರಂತೆ. ಆ ಹೆಣಗಳನ್ನು ಅಲ್ಲಿಯೇ ಹಾರುವಷ್ಟಕ್ಕೆ ಸರಿಮಾಡಿ, ಕಾರ್ಖಾನೆಯ ವೈಮಾನಿಕ ಜಮ್‌ಶೆಡ್ ಮುನ್ಶಿ ಎಂಬುವರು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಹಾಗೆ ಬಂದವು 42 ಎಂದು ಲೆಕ್ಕ. ಬೆಂಗಳೂರಿನ ಕೆಲಸಗಾರರು ಅವುಗಳಿಗೆ ಮತ್ತೆ ಜೀವ ಕೊಟ್ಟರು. 1948ರ ನವೆಂಬರಿನಲ್ಲಿ ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್ ಪಡೆ ಆ ಗುಜರಿಯಿಂದ ಎದ್ದು ನಿಂತಿತು. 1968ರ ಕೊನೆಯವರೆಗೂ ಅವು ಹಾರಿದವು. ಅವುಗಳಲ್ಲಿ ಒಂದು ಇಂದು ಬ್ರಿಟಿಷ್ ವಾಯುಪಡೆಯ ಮ್ಯೂಸಿಯಮ್ಮಿನಲ್ಲಿಯೂ ಮತ್ತೊಂದು ಅಮೆರಿಕದ ಅರಿಜೋನದಲ್ಲಿಯೂ ಇವೆ. ಬೇರೆಯವರು ಒಡೆದದ್ದನ್ನು ನಾವು ಸರಿಮಾಡಿ ಅವರ ಮ್ಯೂಸಿಯಮ್ಮಿಗೇ ಕೊಟ್ಟೆವು ಎಂದು ನಮ್ಮ ಹಿರಿಯ ಮೆಕ್ಯಾನಿಕ್ಕುಗಳು ಮೀಸೆ ತಿರುವುತ್ತಿದ್ದರು.

ಗುರಿಯಂತ್ರಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದವರ ನಾರ್ಡೆನ್. ಅದನ್ನು ಮಾಡಿದ ಕಾರ್ಲ್ ನಾರ್ಡೆನ್ ಡಚ್ಚರವನು. ಜಾವಾದ ಸೆಮರಾಂಗಿನಲ್ಲಿ 1880ರಲ್ಲಿ ಹುಟ್ಟಿದವನು. ಬುಗುರಿಯಂತೆ ತಿರುಗುವ ಜೈರೋಸ್ಕೋಪುಗಳ ಮೇಲೆ ದೂರದರ್ಶಕವನ್ನು ಸ್ಥಿರವಾಗಿ ನಿಲ್ಲಿಸಿ, ಚಕ್ರ, ಹಲ್ಲು, ಬಿಲ್ಲೆಗಳಿಂದಲೇ ಲೆಕ್ಕ ಮಾಡುವ ಅದ್ಭುತ ಯಂತ್ರ ಅದು. ಜೈರೋಸ್ಕೋಪು ಸಮವಾಗಿದೆಯೆ ಎಂದು ನೋಡಲು ಅದರಲ್ಲಿಯೂ ಎರಡು ನೀರ್ಗುಳ್ಳೆಯ ಮಟ್ಟಗಳು, ನಮ್ಮ ಗಾರೆ ಕೆಲಸದವರ ಹತ್ತಿರ ಇರುವಂಥವು. ಅದರ ಗುಟ್ಟನ್ನು ಪ್ರಾಣ ಹೋದರೂ ಬಿಡುವುದಿಲ್ಲವೆಂದು ಬಾಂಬು ಹಾಕುವವರಿಂದ ಪ್ರಮಾಣ ಮಾಡಿಸುತ್ತಿದ್ದರು. ಉಪ್ಪಿನಕಾಯಿಯ ಪೀಪಾಯಿಯೊಳಕ್ಕೆ ಬಾಂಬು ಹಾಕಬಲ್ಲದು ಎಂಬ ಖ್ಯಾತಿ. ಯುದ್ಧ ಮುಗಿದ ಮೇಲೆ ಅಮೆರಿಕ ಸರ್ಕಾರವೇ ನಡೆಸಿದ ಪರಿಶೀಲನೆಯಲ್ಲಿ ತಿಳಿದದ್ದೇನೆಂದರೆ, ಯೂರೋಪಿನಲ್ಲಿ ನಿಖರವಾದ ಗುರಿಗೆಂದು ಹಾಕಿದ ಬಾಂಬುಗಳಲ್ಲಿ ಗುರಿಯಿಂದ ಸಾವಿರ ಅಡಿಯ ಒಳಗೆ ಬಿದ್ದವು ನೂರಕ್ಕೆ ಇಪ್ಪತ್ತರಷ್ಟು. ಜಪಾನಿನ ಮೇಲೆ 1944ರ ಕೊನೆಯಲ್ಲಿ ಮೇಲಿನ ಆಕಾಶದ ಗಾಳಿ ಯಂತ್ರದ ಲೆಕ್ಕವನ್ನೇ ಮೀರಿ ಬೀಸುತ್ತಿತ್ತು. ಕೊನೆಗೆ ಅವರು ಗುರಿಯಿಡುವ ಗೊಡವೆಯನ್ನೇ ಬಿಟ್ಟು 1945ರ ಮಾರ್ಚಿನಲ್ಲಿ ರಾತ್ರಿ ಕೆಳಗೆ ಹಾರಿ ಟೋಕಿಯೋಕ್ಕೆ ಬೆಂಕಿ ಸುರಿದರು. ಅದೇ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ನಾರ್ಡೆನ್ ಯಂತ್ರದಿಂದ ಗುರಿಯಿಟ್ಟದ್ದು ಆಯೊಯಿ ಸೇತುವೆಗೆ. ಬಾಂಬು ಸುಮಾರು 240 ಮೀಟರ್ ತಪ್ಪಿ ಒಂದು ಆಸ್ಪತ್ರೆಯ ನೆತ್ತಿಯ ಮೇಲೆ ಸಿಡಿಯಿತು. ಆ ತಪ್ಪಿನಿಂದ ಏನೂ ವ್ಯತ್ಯಾಸವಾಗಲಿಲ್ಲ.

ಇದನ್ನು ನಾನು ಮೊಮ್ಮಗನಿಗೆ ಹೇಳಿದಾಗ ಅವನು ಸುಮ್ಮನೆ ಕೇಳಿದ. ಆಮೇಲೆ, “ನೀನಿದ್ದಾಗ ಹೆಂಗಿತ್ತು ತಾತ?” ಎಂದ. ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ಅಂದು ಹೇಳಿದೆ. ಇಲ್ಲಿಯೂ ಹೇಳುತ್ತೇನೆ.

1971ರ ಡಿಸೆಂಬರ್ 3ರ ಸಂಜೆ ಯುದ್ಧ ಆರಂಭವಾದಾಗ ನಾನು ಉತ್ತರದ ಒಂದು ನೆಲೆಯಲ್ಲಿದ್ದೆ. ಇಪ್ಪತ್ತು ವರ್ಷದ ಹುಡುಗ. ಕ್ಯಾನ್‌ಬೆರಾ ಎಂಬ ಬಾಂಬರುಗಳು ಕತ್ತಲಾದ ಮೇಲೆ ಹೊರಟು ಬೆಳಗಾಗುವುದರೊಳಗೆ ಹಿಂತಿರುಗುತ್ತಿದ್ದವು. ಎಲ್ಲೆಡೆ ದೀಪ ಆರಿಸಿ, ಕೈದೀಪಕ್ಕೆ ಬಣ್ಣದ ಕಾಗದ ಅಂಟಿಸಿ ಕೆಲಸ ಮಾಡುತ್ತಿದ್ದೆವು. ಎತ್ತರದ ಮಾಪಕವನ್ನು ಪರೀಕ್ಷಿಸುವ ಕ್ರಮ ಹೀಗೆ: ಅದನ್ನು ಒಂದು ಗಾಳಿಬಿಗಿ ಪೆಟ್ಟಿಗೆಯಲ್ಲಿಟ್ಟು ಗಾಳಿಯನ್ನು ಮೆಲ್ಲಮೆಲ್ಲನೆ ಹೀರಬೇಕು. ಮಾಪಕದೊಳಗಿನ ತೆಳುಲೋಹದ ಡಬ್ಬಿ ಉಬ್ಬುತ್ತದೆ, ಮುಳ್ಳು ಏರುತ್ತದೆ. ಪಾದರಸದ ಮಾಪಕದೊಡನೆ ಹೋಲಿಸಿ ಪ್ರತಿ ಹಂತದಲ್ಲಿಯೂ ಬರೆದುಕೊಳ್ಳಬೇಕು. ಅನಂತರ ಗಾಳಿಯನ್ನು ಒಳಗೆ ಬಿಡುತ್ತಾ ಇಳಿಯುವಾಗಲೂ ಅದೇ ಹಂತಗಳಲ್ಲಿ ಬರೆಯಬೇಕು. ಲೋಹಕ್ಕೆ ನೆನಪುಂಟು; ಏರುವಾಗಿನ ಓದು ಇಳಿಯುವಾಗ ಸಿಕ್ಕುವುದಿಲ್ಲ. ಎರಡರ ಅಂತರ ಮಿತಿಯೊಳಗಿದ್ದರೆ ಮಾತ್ರ ಚೀಟಿಗೆ ಸಹಿ.

ಮೂರು ರಾತ್ರಿ ಮಲಗಿರದ ನಾನು ಅಂದು ಒಂದು ಮಾಪಕವನ್ನು ಪರೀಕ್ಷೆಗಿಟ್ಟೆ. ಏರುವಾಗ ಒಂದೆಡೆ ಮುಳ್ಳು ತಡೆದು ನಿಂತಿತು; ಗಾಜಿನ ಮೇಲೆ ಬೆರಳಿನಿಂದ ತಟ್ಟಿದಾಗ ಸುಮಾರು 150 ಅಡಿ ಜಿಗಿದು ಸರಿಯಾದ ಜಾಗಕ್ಕೆ ಬಂತು. ತಟ್ಟುವುದು ನಿಯಮಕ್ಕೆ ವಿರುದ್ಧವಲ್ಲ. ವಿಮಾನದ ನಡುಕವೇ ಅಲ್ಲಿ ತಟ್ಟುವ ಬೆರಳು. ಆದರೆ ಅಷ್ಟು ಜಿಗಿದದ್ದನ್ನು ಬಿಚ್ಚಿ ನೋಡಬೇಕಿತ್ತು. ಇಳಿಯುವಾಗಿನ ಓದನ್ನಂತೂ ತೆಗೆದುಕೊಳ್ಳಲೇಬೇಕಿತ್ತು. ಹೊರಗೆ ವಿಮಾನ ಕಾಯುತ್ತಿತ್ತು. ಏರುವಾಗಿನ ಅಂಕೆಗಳನ್ನು ನೋಡಿ ಇಳಿಯುವಾಗಿನವನ್ನು ಊಹಿಸಿ ತುಂಬಿ ಸಹಿ ಹಾಕಿದೆ. ಯಾರೂ ನನ್ನನ್ನು ಒತ್ತಾಯಪಡಿಸಲಿಲ್ಲ. ತಪ್ಪು ನನ್ನದೇ.

ವಿಮಾನ ಬೆಳಗಿನ ಜಾವಕ್ಕೆ ಹಿಂತಿರುಗಿತು. ವೈಮಾನಿಕರು ಉಪಕರಣಗಳ ಬಗ್ಗೆ ದೂರು ಬರೆಯಲಿಲ್ಲ. ಬಾಂಬು ಎಲ್ಲಿ ಬಿತ್ತೆಂದು ನನ್ನಂಥವರಿಗೆ ಯಾರೂ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. 16ರಂದು ಢಾಕಾದಲ್ಲಿ ಶರಣಾಗತಿಯಾಯಿತು, ನೆಲೆಯಲ್ಲಿ ಸಿಹಿ ಹಂಚಿದರು, ನಾನೂ ತಿಂದೆ. ಕ್ಯಾನ್‌ಬೆರಾಗಳು 2007ರಲ್ಲಿ ನಿವೃತ್ತವಾದವು.

ಮೊಮ್ಮಗ ನೋಟ್‌ಬುಕ್ಕು ತೆಗೆದುಕೊಂಡು ಲೆಕ್ಕ ಹಾಕತೊಡಗಿದ. ನಾನೇ ಕಲಿಸಿದ ಲೆಕ್ಕ. 150 ಅಡಿ ಎಂದರೆ 46 ಮೀಟರ್. ಅಂದಿನ ಎತ್ತರ, ವೇಗ ನನಗೆ ತಿಳಿಯದ್ದರಿಂದ ಅವನ ಆಟದ 3000 ಮೀಟರನ್ನೇ, ಸೆಕೆಂಡಿಗೆ 100 ಮೀಟರ್ ವೇಗವನ್ನೇ ಹಿಡಿದ. ಮುಳ್ಳು ಕಡಿಮೆ ತೋರಿಸಿದ್ದರೆ ಬಾಂಬು ಗುರಿಗಿಂತ ಈಚೆಗೆ ಬೀಳುತ್ತದೆ. ಎಷ್ಟು ಈಚೆಗೆ? ಎರಡು ಸಲ ಕೂಡಿ ಕಳೆದು, “ಹತ್ತೊಂಬತ್ತು ಮೀಟ್ರು ಅಷ್ಟೆ ಬಿಡು ತಾತ, ಅದೇನ್ ಮಹಾ” ಎಂದ. ನನ್ನ ಮನಸ್ಸಿಗೆ ಸಮಾಧಾನವಾಗಲೆಂದು ಹೇಳಿದ ಮಾತು. ಒಳ್ಳೆಯ ಹುಡುಗ.

ಅವನ ಕೈಗೆ ಅಳತೆಯ ಟೇಪು ಕೊಟ್ಟು ಬೀದಿಗೆ ಕರೆದುಕೊಂಡು ಹೋದೆ. ಅಮಾನಿ ಹೊತ್ತು, ಬೀದಿಯಲ್ಲಿ ದನಗಳು ಮನೆಗೆ ಬರುತ್ತಿದ್ದವು. ನಮ್ಮ ಹೊಸ್ತಿಲಿಗೆ ಒಂದು ತುದಿ ಹಿಡಿದು ನಾನು ನಿಂತೆ. ಅವನು ಟೇಪು ಬಿಡಿಸುತ್ತಾ ನಡೆದ. ಹತ್ತೊಂಬತ್ತು ಮೀಟರಿಗೆ ಪಕ್ಕದ ಮನೆ ಕಳೆದು ಅದರಾಚೆಯ ಮನೆಯ ಜಗಲಿ ಬಂತು. ಜಗಲಿಯ ಮೇಲೆ ಆ ಮನೆಯ ಅಜ್ಜಿ ಅವರೇಕಾಯಿ ಸುಲಿಯುತ್ತಾ ಕುಳಿತಿದ್ದರು. “ಅದೇನ್ ಮಗ ಅಳೀತಿದ್ದೀಯ, ರಸ್ತೆ ಅಗಲ ಮಾಡ್ತಾರಾ?” ಎಂದು ಕೇಳಿದರು. ಅವನು ಏನೂ ಹೇಳದೆ ಟೇಪು ಸುತ್ತಿಕೊಂಡು ಬಂದ.

ಆಟವನ್ನು ಅವನು ಬಿಟ್ಟಿಲ್ಲ. ನಾನೂ ಬಿಡು ಎಂದು ಹೇಳಲಿಲ್ಲ. ಹೋದ ವಾರ ಆಟದ ಹೊಸ ರೂಪ ಬಂದಾಗ ಮತ್ತೆ ಮೂರು ಬಾಂಬುಗಳ ಪರೀಕ್ಷೆ ಮಾಡಿದೆವು. ನೋಟ್‌ಬುಕ್ಕಿನಲ್ಲಿ ಒಂದು ಹೊಸ ಖಾನೆ ಗೆರೆ ಹಾಕಿರುವುದನ್ನು ಆಗ ನೋಡಿದೆ. ಮೇಲೆ ‘ಇಳಿಯುವಾಗ’ ಎಂದು ಬರೆದಿದ್ದ. ಕಂಪ್ಯೂಟರಿನ ಮಾಪಕಕ್ಕೆ ಲೋಹವೂ ಇಲ್ಲ, ನೆನಪೂ ಇಲ್ಲ. ಏರುವಾಗ ತೋರಿದ್ದನ್ನೇ ಇಳಿಯುವಾಗಲೂ ತೋರಿಸುತ್ತದೆ. ಅದು ಅವನಿಗೂ ಗೊತ್ತು. ಆದರೂ ವಿಮಾನವನ್ನು ಮೆಲ್ಲಗೆ ಇಳಿಸುತ್ತಾ, ಒಂದೊಂದು ಹಂತದಲ್ಲಿಯೂ ನನ್ನಿಂದ ಓದಿಸಿ ಬರೆದುಕೊಂಡ. 2000ಕ್ಕೆ ಬರುವ ಹೊತ್ತಿಗೆ ಕರೆಂಟು ಹೋಯಿತು. ಉಳಿದದ್ದನ್ನು ಮಾರನೆಯ ದಿನ ಬರೆದೆವು.